ಹೂಗ್ಯಂ ಬಸ್ಸಿನ ಚೀಟಿ

ಜೂನ್ 9, ಸೋಮವಾರ

ಬೆಳಿಗ್ಗೆ ಎಂಟೂಕಾಲರ ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟೆ. ಯಳಂದೂರು ದಾಟುವಷ್ಟರಲ್ಲಿ ಒಬ್ಬ ಹೆಂಗಸು ಬಂದು, "ಇಲ್ಲಿ ಯಾರಾರ ಬತ್ತಾರಾ?" ಅಂತ ಕೇಳಿದಳು. ಪುಷ್ಪ ನಿವೃತ್ತಳಾಗಿ ಒಂಬತ್ತು ದಿನವಾಯಿತು ಅನ್ನುವುದು ಆಗ ನೆನಪಾಯಿತು. ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಹದಿನಾಲ್ಕು ವರ್ಷ ಒಂದೇ ಬಸ್ಸು, ಒಂದೇ ಕೋಣೆ, ಎದುರುಬದುರು ಮೇಜು. ಈಗ ಅವಳು ಮೈಸೂರಿನಲ್ಲಿ ತಮ್ಮನ ಮನೆ ಸೇರಿದ್ದಾಳೆ. ತಲುಪಿದ ದಿನ ಒಂದು ಫೋನ್ ಮಾಡಿದ್ದಳು, ಅಷ್ಟೆ.

ಡೈರಿ ಬರೆಯುವ ಚಟ ನನಗೆ ಯಾವತ್ತೂ ಇರಲಿಲ್ಲ. ಗೊಣಗಿದರೆ ಕೇಳಲು ಎದುರಿಗೆ ಒಬ್ಬರಿದ್ದಾಗ ಯಾರು ಬರೆಯುತ್ತಾರೆ? ಈಗ ಆ ಕಿವಿಯಿಲ್ಲ. ಇದೊಂದು ಹಳೆಯ ನೋಟ್‌ಬುಕ್ ಇದೆ, ಮೊದಲ ನಾಲ್ಕು ಹಾಳೆ ಹಾಲಿನ ಲೆಕ್ಕ. ಐದನೆಯ ಹಾಳೆಯಿಂದ ನನ್ನದು.

ಆಫೀಸಿಗೆ ಹೋದರೆ ಮೇಜಿನ ಮೇಲೆ ವಿಶ್ವವಿದ್ಯಾಲಯದ ಪತ್ರ ಕೂತಿತ್ತು. ನಮ್ಮದು ಅದರ ಕೊಳ್ಳೇಗಾಲ ಕೇಂದ್ರ. ಮೂರು ಕೋಣೆ, ಒಂದು ಬಿ.ಎ. ಕೋರ್ಸು. 2011ರಲ್ಲಿ ಕೇಂದ್ರ ಶುರುವಾದಾಗಿನಿಂದ ಪ್ರತಿ ವರ್ಷ ಎಷ್ಟು ಜನ ದಾಖಲಾದರು, ಎಷ್ಟು ಜನ ಬಿಟ್ಟರು, ಎಷ್ಟು ಜನಕ್ಕೆ ಪದವಿ ಕೊಟ್ಟಿರಿ, ಅದೆಲ್ಲ ಜುಲೈ ಐದರ ಸಂಜೆ ಐದರೊಳಗೆ ಬೇಕಂತೆ. ಅದನ್ನು ನೋಡಿ ಕೇಂದ್ರ ಇರಬೇಕೋ ಮುಚ್ಚಬೇಕೋ ತೀರ್ಮಾನಿಸುತ್ತಾರಂತೆ. ಹದಿನಾಲ್ಕು ವರ್ಷ ಒಂದು ಫ್ಯಾನು ಕೇಳಿದರೆ ಕೊಡದವರಿಗೆ ಹದಿನಾಲ್ಕು ವರ್ಷದ ಲೆಕ್ಕ ನಾಲ್ಕು ವಾರದಲ್ಲಿ ಬೇಕು.

ನಿರ್ದೇಶಕ ಬಸವಕುಮಾರ್ ಸಾಹೇಬರು, "ನಿಮಗೆ ಅಂಗೈ ಮೇಲಿನ ಕೆಲಸ ಬಿಡಿ ಮೇಡಂ" ಅಂದರು. ನನ್ನ ಅಂಗೈ ಮೇಲೆ ಈಗ ಪುಷ್ಪಳ ಕೆಲಸವೂ ಇದೆ.

ಜೂನ್ 11, ಬುಧವಾರ

ದಾಖಲಾತಿ ವಹಿಗಳನ್ನು ಇಳಿಸಿಕೊಂಡು ಎಣಿಸಿದೆ. ಮೊದಲ ವರ್ಷ ಅರವತ್ತನಾಲ್ಕು. ಮರುವರ್ಷ ಅರವತ್ತೊಂದು. ಆಮೇಲೆ ಐವತ್ತೆಂಟು, ನಲವತ್ತೊಂಬತ್ತು, ಹಾಗೇ ಇಳಿಜಾರು. ಈ ಸಲ ಹತ್ತೊಂಬತ್ತು. ಮೊದಲ ವರ್ಷ ಸೇರಿದ ಅರವತ್ತನಾಲ್ಕರಲ್ಲಿ ಮೂರು ವರ್ಷ ಓದಿ ಪಾಸಾದವರು ಮೂವತ್ತೆಂಟು. ಉಳಿದ ಇಪ್ಪತ್ತಾರು ಜನ ಎಲ್ಲಿ ಹೋದರು ಅಂತ ಒಂದು ಕಾಲಂ ಇದೆ, "ವ್ಯಾಸಂಗ ತ್ಯಜಿಸಿದ್ದಕ್ಕೆ ಕಾರಣ". ಅಲ್ಲಿ ಪ್ರತಿ ವರ್ಷ ನಾವು ಬರೆಯುವುದು "ವೈಯಕ್ತಿಕ". ಈ ಸಲವೂ ಮೇಲಿನಿಂದ ಕೆಳಗೆ ಅದನ್ನೇ ತುಂಬಿದೆ.

ಮಧ್ಯಾಹ್ನ ಊಟದ ಡಬ್ಬಿ ತೆರೆದು ಮುಚ್ಚುವುದಕ್ಕೆ ಆರು ನಿಮಿಷ ಹಿಡಿಯಿತು. ಗಡಿಯಾರ ನೋಡಿಕೊಂಡು ಹೇಳುತ್ತಿದ್ದೇನೆ. ಪುಷ್ಪ ಇದ್ದಾಗ ಮುಕ್ಕಾಲು ಗಂಟೆ ಸಾಲುತ್ತಿರಲಿಲ್ಲ.

ಜೂನ್ 13, ಶುಕ್ರವಾರ

ಪುಷ್ಪ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ನಾನೇ ಯಾಕೆ ಮಾಡಬೇಕು?

ಜೂನ್ 16, ಸೋಮವಾರ

ಎಲ್ಲ ವರ್ಷವೂ ತಾಳೆಯಾಯಿತು, ಒಂದರ ಹೊರತು. 2014ರಲ್ಲಿ ಪಾಸಾದವರು ಮೂವತ್ತೆಂಟು, ಪದವಿ ಪತ್ರ ತೆಗೆದುಕೊಂಡು ಸಹಿ ಹಾಕಿದವರು ಮೂವತ್ತೇಳು. ಮೂರು ಸಲ ಎಣಿಸಿದೆ. ಆಮೇಲೆ ಬೀರುವಿನ ಕೆಳಗಿನ ಅರೆಗೆ ಕೈಹಾಕಿದೆ. ಜಿರಳೆ ಮೊಟ್ಟೆಗಳ ನಡುವೆ ಒಂದು ಕಂದು ಲಕೋಟೆ ಸಿಕ್ಕಿತು.

ಕೇತಿ, ತಂದೆ ಜಡಯ್ಯ. ಕಾಡಂಚಿನ ಹೂಗ್ಯಂ ಊರಿನ ಮೇಲಿನ ಸೋಲಿಗರ ಪೋಡು, ಅಂದರೆ ಅವರ ಹಾಡಿ. ಬಿ.ಎ., ಪ್ರಥಮ ದರ್ಜೆ. ಅಂಕಪಟ್ಟಿಯೂ ಒಳಗೇ ಇದೆ. ಹನ್ನೊಂದು ವರ್ಷದಿಂದ ಯಾರೂ ಬಂದು ಕೇಳಿಲ್ಲ. ನನಗೆ ಸಿಟ್ಟು ಬಂತು. ಪರೀಕ್ಷೆ ಬರೆದು, ಫಸ್ಟ್ ಕ್ಲಾಸ್ ತೆಗೆದು, ಅದನ್ನು ಒಯ್ಯಲು ಒಂದು ಬಸ್ಸು ಹತ್ತಲಾರದವರಿಗೆ ಪದವಿ ಯಾಕೆ? ಷರಾ ಕಾಲಂನಲ್ಲಿ "ಅಭ್ಯರ್ಥಿಯ ನಿರಾಸಕ್ತಿ" ಅಂತ ಬರೆದು ಟೀ ಕುಡಿದೆ.

ಜೂನ್ 17, ಮಂಗಳವಾರ

ನಿದ್ದೆ ಬಂದಿರಲಿಲ್ಲ. ಫಸ್ಟ್ ಕ್ಲಾಸ್ ಬಂದವಳಿಗೆ ಎಂಥ ನಿರಾಸಕ್ತಿ? ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ, ಅದು ಚಾಲ್ತಿಯಲ್ಲಿಲ್ಲ. ಆಗ ಚೀಟಿ ಪುಸ್ತಕ ನೆನಪಾಯಿತು.

ಆ ಕಾಲಕ್ಕೆ ಹೂಗ್ಯಂ ಕಡೆ ಟವರ್ ಇರಲಿಲ್ಲ. ಫಲಿತಾಂಶ ಬಂತು ಅಂತ ಗೊತ್ತಾದರೆ ಅಲ್ಲಿಯ ಮಕ್ಕಳು ತಮ್ಮ ನಂಬರುಗಳನ್ನೆಲ್ಲ ಒಂದೇ ಕಾಗದದ ಮೇಲೆ ಬರೆದು ಬಸ್ಸಿನ ಕಂಡಕ್ಟರ್ ಮುತ್ತಯ್ಯನ ಕೈಗೆ ಕೊಡುತ್ತಿದ್ದರು. ಬಸ್ಸು ಕೊಳ್ಳೇಗಾಲದ ಸ್ಟ್ಯಾಂಡಿನಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಮುತ್ತಯ್ಯ ಟೀಯನ್ನೂ ಬಿಟ್ಟು ನಮ್ಮಲ್ಲಿಗೆ ಓಡಿ ಬಂದು, "ಬಿರ್ನೆ ಬರ್ಕೊಡ್ರವ್ವಾ, ಡ್ರೈವರು ಆರನ್ ಒಡೀತಾವ್ನೆ" ಅನ್ನುವನು. ನಾನೋ ಪುಷ್ಪಳೋ ಫಲಿತಾಂಶದ ಹಾಳೆಯ ಮೇಲೆ ಸ್ಕೇಲ್ ಇಟ್ಟು ಸಾಲು ನೋಡಿಕೊಂಡು, ನಂಬರಿನ ಎದುರು ಪಾಸು, ನಪಾಸು ಅಂತ ಬರೆದು ಕಳಿಸುತ್ತಿದ್ದೆವು. ಪಾಲಾರ್ ಬಸ್ಸಿನದೂ ಇದೇ ಪದ್ಧತಿ. ಯಾರೋ ಒಮ್ಮೆ ತಕರಾರು ತೆಗೆದರು ಅಂತ ಆಗಿನ ನಿರ್ದೇಶಕರು ನಮ್ಮದೇ ಪುಸ್ತಕದಲ್ಲಿ ಕಾರ್ಬನ್ ಇಟ್ಟು ನಂಬರು ಸಮೇತ ಬರೆದುಕೊಡಿ ಅಂದಿದ್ದರು. ಆ ಪುಸ್ತಕಗಳು ಹಾಗೇ ಇವೆ.

2014ರ ಜುಲೈ ತಿಂಗಳ ಹೂಗ್ಯಂ ಚೀಟಿ ಸಿಕ್ಕಿತು. ಆರು ನಂಬರು. 127ರ ಎದುರು "ನಪಾಸು". 128ರ ಎದುರು "ಪಾಸು". ಫಲಿತಾಂಶದ ಹಾಳೆ ತೆಗೆದು ಪಕ್ಕದಲ್ಲಿಟ್ಟೆ. 127 ಪಾಸು. 128 ನಪಾಸು. 129 ಪಾಸು. ಸ್ಕೇಲ್ ಒಂದು ಸಾಲು ಕೆಳಗೆ ಜಾರಿದೆ. 127 ಕೇತಿಯ ನಂಬರು.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಕ್ಷಣ, ಇದು ಪುಷ್ಪಳ ಅಕ್ಷರ ಆಗಿರಲಿ ಅಂತ ಬೇಡಿಕೊಂಡೆ. ಅಲ್ಲ. ಪಕಾರದ ಹೊಟ್ಟೆಯನ್ನು ಅಷ್ಟು ದಪ್ಪ ಬರೆಯುವವಳು ನಾನೊಬ್ಬಳೇ.

ಇನ್ನೂ ಒಂದಿದೆ. 128, ಬಸವರಾಜು ಅನ್ನುವ ಹುಡುಗ, ಅದೇ ಊರಿನವನು. ವಾರದ ಮೇಲೆ ಬಂದು ಕೌಂಟರ್ ಬಡಿದು ಕೂಗಾಡಿದ್ದ. "ಪಾಸು ಅಂತ ಬರ್ದ್ಕೊಟ್ಟು ಈಗ ನಪಾಸು ಅಂತೀರಲ್ಲ, ಊರ್ಗೆಲ್ಲ ಸಿಹಿ ಅಂಚಿವ್ನಿ ನಾನು!" ನಾನು ಅವನಿಗೆ, ಕಂಡಕ್ಟರ್ ಅವಸರ ಮಾಡಿದ, ತಪ್ಪಾಗಿದೆ, ಮತ್ತೆ ಪರೀಕ್ಷೆ ಕಟ್ಟಿಕೋ ಅಂತ ಹೇಳಿ ಕಳಿಸಿದೆ. ಮೇಲಿನ ಸಾಲು ನೋಡಲಿಲ್ಲ. ಒಂದು ಸಾಲು ತಪ್ಪಿದರೆ ಅದರ ಪಕ್ಕದ್ದೂ ತಪ್ಪಿರಬಹುದು ಅಂತ ತಿಳಿಯಲು ಓದು ಬೇಕಾಗಿಲ್ಲ. ನಾನು ಬಿ.ಕಾಂ. ಬೇರೆ.

ಜೂನ್ 20, ಶುಕ್ರವಾರ

ಸಾಹೇಬರಿಗೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಕೂತರು. ಕೆಟ್ಟವರಲ್ಲ, ಹೆದರುವವರು.

"ಪದವಿ ಕೊಟ್ಟಿದ್ದು ಮೂವತ್ತೆಂಟೇ ತಾನೇ? ಮೂವತ್ತೆಂಟು ಅಂತ ಬರೆಯಿರಿ. ಅವರು ಒಯ್ದರೋ ಬಿಟ್ಟರೋ ಯಾರೂ ಕೇಳಿಲ್ಲ."

"ಅವಳಿಗೆ ನಪಾಸು ಅಂತ ಬರೆದು ಕಳಿಸಿದ್ದು ನಾನು ಸಾರ್."

"ಹನ್ನೊಂದು ವರ್ಷ ಆಯ್ತು ಮೇಡಂ. ನಿಮಗೆ ಇನ್ನು ಹದಿನಾಲ್ಕು ತಿಂಗಳು ಸರ್ವಿಸ್ ಇದೆ. ಒಂದು ಕಂಪ್ಲೇಂಟ್ ಬಿದ್ದರೆ ನಿಮ್ಮ ಪೆನ್ಷನ್ ಪೇಪರ್ ಎಲ್ಲೋ ಒಂದು ಟೇಬಲ್ ಮೇಲೆ ಕೂತುಬಿಡುತ್ತೆ. ರಿಜಿಸ್ಟರ್ಡ್ ಪೋಸ್ಟ್ ಮಾಡಿ, ಕೈ ತೊಳ್ಕೊಳಿ."

ನನಗೂ ಅದೇ ಬೇಕಾಗಿತ್ತು. ಲಕೋಟೆ ಹಿಡಿದು ಅಂಚೆ ಕಚೇರಿಯ ಸಾಲಿನಲ್ಲಿ ಅರ್ಧ ಗಂಟೆ ನಿಂತೆ. ನನ್ನ ಸರದಿ ಬಂದಾಗ ಹಿಂದಿದ್ದವರಿಗೆ ಜಾಗ ಬಿಟ್ಟು ವಾಪಸ್ ಬಂದೆ. ದೊಡ್ಡತನ ಏನೂ ಅಲ್ಲ. ಹನ್ನೊಂದು ವರ್ಷದ ಹಿಂದಿನ ವಿಳಾಸ, ಅದು ತಿರುಗಿ ನನ್ನ ಮೇಜಿಗೇ ಬಂದು ಬಿದ್ದರೆ ಅನ್ನುವ ಭಯ.

ಪುಷ್ಪಳಿಗೆ ಹೇಳೋಣ ಅನ್ನಿಸಿತು. ಫೋನ್ ಎತ್ತಿದೆ. ಅವಳು ಮೊದಲು ಕೇಳುವುದು, "ಅಕ್ಷರ ಯಾರದೇ?" ಅಂತ. ಇಟ್ಟುಬಿಟ್ಟೆ.

ಜೂನ್ 22, ಭಾನುವಾರ

ಹೂಗ್ಯಂಗೆ ಹೋಗಿ ಬಂದೆ. ಕೊಳ್ಳೇಗಾಲ, ಹನೂರು, ರಾಮಾಪುರ ದಾಟಿ ಬಸ್ಸು ಕಾಡಂಚಿಗೆ ಬರುವಾಗ ಹನ್ನೊಂದು ಗಂಟೆ. ಹದಿನಾಲ್ಕು ವರ್ಷ ಈ ಕಡೆಯ ಮಕ್ಕಳ ಹೆಸರು ಬರೆದವಳು ನಾನು, ಈ ರಸ್ತೆ ನೋಡಿದ್ದು ಇವತ್ತೇ ಮೊದಲು. ನಿಂತಿದ್ದ ನನ್ನನ್ನು ಒಬ್ಬಳು ಮುದುಕಿ, "ಬಾಮ್ಮಾ, ಎಡಂ ಇರುಕ್ಕು, ಕುಂತ್ಕೊ" ಅಂತ ಅರ್ಧ ತಮಿಳಿನಲ್ಲಿ ಕರೆದು ಕೂರಿಸಿಕೊಂಡಳು. ದಾರಿಯುದ್ದಕ್ಕೂ ಅವಳ ಭುಜ ನನ್ನ ಭುಜಕ್ಕೆ ತಾಗುತ್ತಿತ್ತು. ಹಿತವಾಗಿತ್ತು.

ಪೋಡಿನ ದಾರಿ ಕೇಳಲು ಆಶ್ರಮ ಶಾಲೆಯ ಗೇಟಿನ ಬಳಿ ನಿಂತೆ. ಬಂದವನು ಬಸವರಾಜು. ಅದೇ 128. ಆ ಸಲ ಕೂಗಾಡಿ ಹೋದವನು ಪರೀಕ್ಷೆ ಕಟ್ಟಿ, ಪಾಸಾಗಿ, ಈಗ ಅಲ್ಲೇ ಅತಿಥಿ ಶಿಕ್ಷಕ.

"ನೀವಾ ಮೇಡಂ! ನಿಮ್ಮ ಕೌಂಟ್ರು ಬಡ್ದಿದ್ದೆ ಕಣ್ರಿ ನಾನು" ಅಂತ ನಕ್ಕ. "ಕೇತಿನಾ? ಪೋಡ್ಗ್ಯಾಕ್ ಓಗ್ತೀರಿ, ಇಲ್ಲೇ ಅಡ್ಗೆಮನೇಲವ್ಳೆ."

ನಪಾಸಾದವನು ಪಾಠ ಮಾಡುತ್ತಾನೆ, ಪಾಸಾದವಳು ಅದೇ ಶಾಲೆಯಲ್ಲಿ ಅನ್ನ ಬಸಿಯುತ್ತಾಳೆ. ಅವನಿಗೆ ಬಂದು ಕೇಳುವ ಧೈರ್ಯ ಇತ್ತು, ಬಸ್ಸು ಹತ್ತಲು ಬಿಡುವ ಅಪ್ಪ ಇದ್ದಿರಬೇಕು. ಅಷ್ಟೇ ವ್ಯತ್ಯಾಸ.

ಕೇತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದಳು. ಮೂವತ್ತೆರಡಿರಬೇಕು. ಪತ್ರವನ್ನು ಮೇಲಿನಿಂದ ಕೆಳಗೆ, ಕುಲಪತಿಗಳ ಸಹಿಯವರೆಗೂ ಓದಿದಳು. ಓದುವಾಗ ತುಟಿ ಅಲುಗುತ್ತಿತ್ತು.

"ಪ್ರಥಮ ದರ್ಜೆ ಅಂದ್ರೆ ಫಸ್ಟ್ ಕ್ಲಾಸೇ ಅಲ್ವಾ?"

"ಹೌದಮ್ಮ."

"ನಪಾಸು ಅಂತ ಬಂದಿತ್ತಲ್ಲ ಮೇಡಂ."

ಬಸ್ಸಿನಲ್ಲಿ ಉರು ಹಾಕಿಕೊಂಡು ಬಂದಿದ್ದ ಮಾತು ಒಂದನ್ನೂ ಆಡಲಿಲ್ಲ. "ಯೂನಿವರ್ಸಿಟಿಯಲ್ಲಿ ಮತ್ತೆ ನೋಡಿದಾಗ ಸರಿಹೋಗಿದೆ" ಅಂದೆ.

"ಮತ್ತೆ ನೋಡಿ ಅಂತ ನಾನೇನೂ ಕೇಳ್ನಿಲ್ಲವಲ್ಲ."

"ಅವರಾಗೇ ನೋಡಿದ್ದಾರೆ."

ಅವಳು ನಂಬಿದಳು. ನನಗೆ ಮುದ್ದೆ ಸಾರು ಬಡಿಸಿ ಎದುರಿಗೇ ಕೂತಳು. "ಅಂಗಾರೆ ನಾನು ಬರ್ದಿದ್ದು ಸಾಲ್ದೆ ಇದ್ರೂವೆ ಅವ್ರೇ ದೊಡ್ಡ ಮನ್ಸು ಮಾಡಿ ಪಾಸು ಮಾಡವ್ರೆ. ನನ್ ಮಗ್ಳು ಮಂಗಳಂಗೂ ಏಳ್ತಿರ್ತೀನಿ ಮೇಡಂ, ನಮ್ಮ ತಲೆ ಅಷ್ಟೇಯ, ಎಚ್ಗೆ ಆಸೆ ಮಡಿಕಬ್ಯಾಡ ಅಂತವ" ಅಂದಳು.

ನಾನು ಆ ಮುದ್ದೆ ಪೂರ್ತಿ ತಿಂದೆ. ವಹಿಯಲ್ಲಿ ಅವಳ ಸಹಿ ಹಾಕಿಸಿಕೊಂಡೆ. ಮೂವತ್ತೆಂಟಾಯಿತು.

ಜೂನ್ 23, ಸೋಮವಾರ

ಲೆಕ್ಕ ತಾಳೆಯಾಗಿದೆ. ಫಾರಂ ಕಳಿಸಬಹುದು. ಕಳಿಸಲಿಲ್ಲ.

ಮೊದಲು ಅವಳಿಗೆ ನಪಾಸು ಅಂದೆ. ಈಗ ಭಿಕ್ಷೆ ಹಾಕಿದ್ದಾರೆ ಅಂದಹಾಗೆ ಆಯಿತು. ಯಾವುದು ಹೆಚ್ಚು ಕೆಟ್ಟದ್ದು ಅಂತ ಇಡೀ ದಿನ ಯೋಚಿಸಿದೆ. ಎರಡನೆಯದು. ಮೊದಲನೆಯದು ಕೈತಪ್ಪು, ಇದು ನಾನು ಕಣ್ಣು ತೆರೆದು ಮಾಡಿದ್ದು.

ಜೂನ್ 26, ಗುರುವಾರ

ಸಾಹೇಬರು ಎರಡು ಸಲ ಫಾರಂ ಕೇಳಿದರು. ಟೈಪ್ ಮಾಡುತ್ತಿದ್ದೇನೆ ಅಂದೆ. ಭಾನುವಾರ ಮತ್ತೆ ಹೋಗಬೇಕು.

ಸಂಜೆ ನೋಡಿದರೆ ಪುಷ್ಪಳ ಮಿಸ್ಡ್ ಕಾಲ್ ಮೂರು ಇದ್ದವು. ಆಮೇಲೆ ಮಾಡೋಣ ಅಂದುಕೊಂಡವಳು ಮರೆತೆ.

ಜೂನ್ 29, ಭಾನುವಾರ

ಕಾರ್ಬನ್ ಪುಸ್ತಕ, ಫಲಿತಾಂಶದ ಹಾಳೆ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದೆ. ಆಫೀಸಿನ ದಾಖಲೆ ಹೊರಗೆ ಒಯ್ಯುವುದು ತಪ್ಪು. ಅದೂ ಇರಲಿ.

ಶಾಲೆಯ ಹಿಂದೆ ಕೇತಿ ಪಾತ್ರೆ ತೊಳೆಯುತ್ತಿದ್ದಳು. ನಿಂತೇ ಹೇಳಿದೆ. ಕೂತರೆ ಮತ್ತೆ ಬೇರೆ ಏನಾದರೂ ಹೇಳಿಬಿಡುತ್ತೇನೆ ಅಂತ ಗೊತ್ತಿತ್ತು. "ಯೂನಿವರ್ಸಿಟಿಯವರು ಏನೂ ಮತ್ತೆ ನೋಡಲಿಲ್ಲಮ್ಮ. ನೀನು ಮೊದಲಿಂದಲೂ ಪಾಸು. ನಾನು ಕೆಳಗಿನ ಸಾಲು ನೋಡಿ ಬರೆದೆ. ಮೊನ್ನೆ ಹೇಳಿದ್ದು ಸುಳ್ಳು."

ಅವಳು ಎರಡೂ ಹಾಳೆಯನ್ನು ಕಲ್ಲಿನ ಮೇಲಿಟ್ಟು ನೋಡಿದಳು. ಒದ್ದೆ ಬೆರಳಿನಿಂದ 127ರಿಂದ ಪಕ್ಕಕ್ಕೆ ಗೆರೆ ಎಳೆದಳು.

"ಬರ್ದೋರು ನೀವೇಯಾ?"

"ನಾನೇ."

ತೊಳೆದ ಪಾತ್ರೆಯನ್ನು ಬೋರಲು ಹಾಕಿದಳು. ಆಮೇಲೆ ಎದ್ದು, "ಇದ ನನ್ಗೆ ಏಳುದ್ರೆ ಆಗ್ನಿಲ್ಲ. ನಮ್ಮಪ್ಪಂಗೆ ಏಳಿ, ಬನ್ನಿ" ಅಂತ ಹೊರಟೇಬಿಟ್ಟಳು. ಎರಡು ಮೈಲಿ ಏರು. ಅವಳು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಒಂದು ಸಲವೂ ತಿರುಗಿ ನೋಡಲಿಲ್ಲ. ಆದರೆ ನಾನು ನಿಂತಾಗೆಲ್ಲ ಅವಳೂ ನಿಲ್ಲುತ್ತಿದ್ದಳು.

ಜಡಯ್ಯ ಮನೆಯ ಮುಂದೆ ಬಿದಿರು ಸೀಳುತ್ತ ಕೂತಿದ್ದ. ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವನು ಕತ್ತಿ ಕೆಳಗಿಟ್ಟ.

"ಅಂದ್ರೆ ಪಾಸಾಗಿದ್ಲಾ?"

"ಆಗಿದ್ದಳು."

"ಮುತ್ತಯ್ಯ ಚೀಟಿ ತಂದ್ನಲ್ಲ, ಆ ಸಂಜೆನೂವೆ?"

"ಅದಕ್ಕೂ ಮೊದಲೇ."

"ಇನ್ನೊಂದ್ಸಲ ಕಟ್ತೀನಿ ಕಣಪ್ಪ ಅಂತ ಅತ್ತ್ಲು" ಅಂದ, ನನಗಲ್ಲ, ಬಿದಿರಿಗೆ ಹೇಳುವ ಹಾಗೆ. "ನಾನೇ ಬ್ಯಾಡ ಅಂದಿ. ಒಂದ್ಸಲ ಆಗ್ದಿದ್ದು ಇನ್ನೊಂದ್ಸಲ ಎಂಗಾದದು ಅಂದಿ. ಆ ವರ್ಸವೇ ಮದ್ವೆ ಮಾಡ್ಬುಟ್ಟಿ."

ನನಗೆ ಬೈಯಲಿಲ್ಲ. ಬೈಯುತ್ತಾನೆ ಅಂತ ಸಿದ್ಧಳಾಗಿ ಹೋಗಿದ್ದೆ, ಆ ಸಿದ್ಧತೆಯೆಲ್ಲ ದಂಡವಾಯಿತು. ಮಗಳ ಕಡೆ ತಿರುಗಿ ತಮ್ಮ ಮಾತಿನಲ್ಲಿ ಒಂದೆರಡು ಶಬ್ದ ಹೇಳಿದ. ನನಗೆ ಅರ್ಥವಾಗಲಿಲ್ಲ. ಆಗ ಕೇತಿ ಅತ್ತಳು. ಅಲ್ಲಿಯವರೆಗೂ ಅತ್ತಿರಲಿಲ್ಲ. ನಾನು ಅಲ್ಲಿ ಇರಬಾರದಿತ್ತು, ಹೋಗುವ ಹಾಗೂ ಇರಲಿಲ್ಲ. ಆ ಇಬ್ಬರ ಎದುರು ನಿಂತು ಆದಷ್ಟು ಒಂಟಿ ನಾನು ಯಾವತ್ತೂ ಆಗಿರಲಿಲ್ಲ.

ಬಸ್ಸಿನವರೆಗೂ ಅವಳೇ ಜೊತೆಗೆ ಬಂದಳು. ಕ್ಷಮಿಸಿದೆ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಬಸ್ಸು ತಿರುಗಿಸಿ ನಿಲ್ಲಿಸುವಾಗ ಹೇಳಿದಳು.

"ನಂದು ಪೂರಾ ಓದ್ ಮುಗ್ದ್ಮೇಲೆ ತಪ್ತು. ಅದ್ಕೆ ನನ್ನ ಕಾಗ್ದ ನಿಮ್ಮ ಬೀರ್ನಾಗೆ ಕುಂತಿತ್ತು, ನೀವು ಕಂಡ್ರಿ. ನಡುವ್ಲೇ ನಪಾಸು ಅಂತ ಓದ್ ಬಿಟ್ಟೋರ್ದು ಎಲ್ ಕುಂತದೆ ಮೇಡಂ?"

ಹನೂರು ಬರುವವರೆಗೂ ಆ ಪ್ರಶ್ನೆಗೆ ಉತ್ತರ ಹುಡುಕಿದೆ. ಎಲ್ಲೂ ಕೂತಿಲ್ಲ. ಅವರು ದಾಖಲಾದವರ ಸಂಖ್ಯೆಯಲ್ಲಿ ಇದ್ದಾರೆ, ಪದವಿ ಪಡೆದವರ ಸಂಖ್ಯೆಯಲ್ಲಿ ಇಲ್ಲ. ನಡುವೆ ಇರುವುದು ನಾನು "ವೈಯಕ್ತಿಕ" ಅಂತ ತುಂಬಿದ ಕಾಲಂ.

ಜುಲೈ 1, ಮಂಗಳವಾರ

ಬಿಟ್ಟವರ ಕಾರಣದ ಕಾಲಂ ಪೂರ್ತಿ ಅಳಿಸಿದೆ. ಚೀಟಿ ಪುಸ್ತಕ ಒಂಬತ್ತಿವೆ. ಎಲ್ಲ ಸೆಮಿಸ್ಟರಿನ ಎಲ್ಲ ಚೀಟಿಯನ್ನೂ ಫಲಿತಾಂಶದ ಜೊತೆ ಹಿಡಿದು ನೋಡದೆ ಫಾರಂ ಕಳಿಸುವುದಿಲ್ಲ ಅಂತ ಸಾಹೇಬರಿಗೆ ಬರೆದೇ ಕೊಟ್ಟೆ. ಕೇತಿಯ ವಿಷಯವನ್ನೂ, ನನ್ನ ಹೆಸರು ಹಾಕಿಯೇ.

ಅವರು ಓದಿ ವಾಪಸ್ ನೂಕಿದರು. "ಹುಚ್ಚು ಹಿಡಿದಿದೆಯಾ ನಿಮಗೆ? ಲೆಕ್ಕ ತಡ ಆದರೆ ಇದೇ ನೆಪ ಸಾಕು ಅವರಿಗೆ, ಬೀಗ ಹಾಕ್ತಾರೆ. ಈ ಹತ್ತೊಂಬತ್ತು ಮಕ್ಕಳು ಎಲ್ಲಿ ಹೋಗಬೇಕು? ಅದು ನಿಮ್ಮ ತಲೆ ಮೇಲೆ."

ಅದೂ ನಿಜವೇ. ಅವರ ಮಾತಿನಲ್ಲಿ ಸುಳ್ಳು ಹುಡುಕಿದೆ, ಸಿಗಲಿಲ್ಲ. ಪತ್ರವನ್ನು ಮಾತ್ರ ಅವರ ಮೇಜಿನ ಮೇಲೇ ಬಿಟ್ಟು ಬಂದೆ.

ಜುಲೈ 3, ಗುರುವಾರ

ಎರಡು ಪುಸ್ತಕ ಮುಗಿಯಿತು. ತಪ್ಪು ಸಿಗಲಿಲ್ಲ. ಕಣ್ಣು ಉರಿಯುತ್ತದೆ. ಒಬ್ಬಳೇ ಎರಡು ಹಾಳೆ ನೋಡುವುದು ಕಷ್ಟ. ಅವತ್ತು ತಪ್ಪಿದ ಕಣ್ಣೇ ಇವತ್ತೂ ನ್ಯಾಯ ಹೇಳಬೇಕು.

ಬಸವರಾಜುಗೆ ಫೋನ್ ಮಾಡಿ ಕೇತಿಗೆ ಕೊಡಿಸಿದೆ. "ನೋಡ್ತಾ ಇದ್ದೇನಮ್ಮ" ಅಂದೆ. "ಊಂ" ಅಂದಳು. ಆಮೇಲೆ, "ಒಬ್ರೇನಾ?" ಅಂದಳು.

ಜುಲೈ 5, ಶನಿವಾರ

ಬೀಗ ತೆಗೆಯುವಾಗಲೇ ಕೇತಿ ಮೆಟ್ಟಿಲ ಮೇಲೆ ಕೂತಿದ್ದಳು. ರಜಾ ಹಾಕಿ ಮೊದಲ ಬಸ್ಸಿಗೇ ಬಂದಿದ್ದಾಳೆ. ಒಳಗೆ ಬಂದು ಪುಷ್ಪಳ ಕುರ್ಚಿಯಲ್ಲಿ ಕೂತು, ಸ್ಕೇಲ್ ತನ್ನ ಕಡೆ ಎಳೆದುಕೊಂಡಳು.

"ಫಲಿತಾಂಸ ನಾನು ಓದ್ತೀನಿ. ನೀವು ಓದ್ಬ್ಯಾಡಿ. ನೀವು ಚೀಟಿ ನೋಡಿ."

ಸರಿ ಅಂದೆ. ಚೆನ್ನಾಗಿ ಓದುತ್ತಾಳೆ, ಸ್ಪಷ್ಟವಾಗಿ, ತಡವರಿಸದೆ. ಮಧ್ಯಾಹ್ನ ಅವಳು ತಂದ ಬುತ್ತಿ ಅವಳು ಉಂಡಳು, ನನ್ನದು ನಾನು. ನಾನು ಕೊಟ್ಟ ಉಪ್ಪಿನಕಾಯಿ ಬೇಡ ಅಂದಳು. ಒಂದೂವರೆಗೆ ಕೂತವರು ಏಳುವಾಗ ಎರಡೂಕಾಲು.

ಮೂರು ಗಂಟೆಗೆ ಸಾಹೇಬರು ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು. ನಾಲ್ಕಕ್ಕೆ ಮತ್ತೆ ಬಂದು, "ಒಂದು ವಾರ ಸಮಯ ಕೇಳಿ ಮೇಲ್ ಹಾಕಿದೀನಿ. ಕೊಡ್ತಾರೋ ಇಲ್ವೋ ಗೊತ್ತಿಲ್ಲ. ನಿಮ್ಮ ಪತ್ರಾನೂ ಲಗತ್ತಿಸಿದೀನಿ, ಆಮೇಲೆ ನನ್ನ ಅನ್ನಬೇಡಿ" ಅಂದರು. ಅನ್ನುವುದಿಲ್ಲ.

ನಾಲ್ಕೂವರೆಗೆ 2016ರ ಪುಸ್ತಕ. ಪಾಲಾರ್ ಬಸ್ಸಿನ ಚೀಟಿ, ಮೂರನೇ ಸೆಮಿಸ್ಟರ್. ಕೇತಿ ಓದಿದಳು, "ಅರವತ್ತೊಂದು. ಆರು ಸಬ್ಜೆಕ್ಟಿಗೆ ಆರೂ ಪಾಸು." ಚೀಟಿಯಲ್ಲಿ 61ರ ಎದುರು, "ಆರರಲ್ಲಿ ಐದು ಬಾಕಿ". ನನ್ನ ಅಕ್ಷರ. ಐದು ಬಾಕಿ ಇದ್ದದ್ದು 62ಕ್ಕೆ.

61 ಅಂದರೆ ಶಿವಶಂಕರ, ತಾಯಿ ಚಾಮುಂಡಮ್ಮ. ನಾಲ್ಕನೇ ಸೆಮಿಸ್ಟರಿಗೆ ಬಂದಿಲ್ಲ. ಅರ್ಜಿಯಲ್ಲಿ ಒಂದು ಫೋನ್ ನಂಬರಿತ್ತು. ಕೇತಿ ನನ್ನನ್ನೇ ನೋಡುತ್ತಿದ್ದಳು. ಮಾಡಿದೆ. ರಿಂಗಾಯಿತು. ಎತ್ತಿದ್ದು ವಯಸ್ಸಾದ ಹೆಂಗಸು.

"ಶಿವಶಂಕರ ಇದ್ದಾರಾ?"

"ಇಲ್ಲ ಕಣವ್ವ. ಓದ ವರ್ಸ ಮೇಟೂರು ಕಡೆ ಕೆಲ್ಸುಕ್ಕೋದೋನು ಅಲ್ಲೇ ತೀರ್ಕಬುಟ್ಟ. ಯಾರು ನೀವು?"

ಇಟ್ಟುಬಿಡಬಹುದಿತ್ತು. ರಾಂಗ್ ನಂಬರ್ ಅಂದರೂ ಆಗುತ್ತಿತ್ತು. ಕೇತಿ ನೋಡುತ್ತಿದ್ದಳು ಅಂತ ಮಾತ್ರ ಅಲ್ಲ, ನನಗೇ ಆಗಲಿಲ್ಲ. ನಾನು ಯಾರು, ಎಲ್ಲಿಂದ ಅಂತ ಹೇಳಿದೆ. ಚೀಟಿ ಬರೆದವಳು ನಾನೇ ಅಂತ ಹೇಳಿದೆ. "ನಿಮ್ಮ ಮಗ ಆ ಸಲ ಎಲ್ಲದರಲ್ಲೂ ಪಾಸಾಗಿದ್ದ ಅವ್ವಾ" ಅಂದೆ.

ಆ ಕಡೆ ಕೋಳಿ ಕೂಗುವುದು ಕೇಳಿಸುತ್ತಿತ್ತು.

"ಅವ್ನೂ ಅಂಗೇ ಏಳ್ತಿದ್ದ ಕಣವ್ವ" ಅಂದಳು. "ನಾನ್ ಚೆನ್ನಾಗೇ ಬರ್ದಿವ್ನಿ, ಪಾಸಾಗಿರ್ತೀನಿ ಅಂತವ. ಚೀಟೀಲಿ ಬರ್ದದಲ್ಲೋ ಅಂತ ನಾವ್ಯಾರೂ ನಂಬ್ನಿಲ್ಲ."

ನಾಳೆ ಪಾಲಾರಿಗೆ ಬರುತ್ತೇನೆ ಅಂದೆ. ಬಾ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಫೋನ್ ಇಟ್ಟಾಗ ಐದು ದಾಟಿತ್ತು. ಚೀಟಿಯಲ್ಲಿ 61ರ ಪಕ್ಕ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಆಮೇಲೆ ಕೇತಿ ಮುಂದಿನ ನಂಬರು ಓದಿದಳು.